ತೋಟದ ದಾರಿಯಲ್ಲಿ ಚಿರತೆ: ತುಮಕೂರು ಸುತ್ತಮುತ್ತಲಿನವರಿಗೆ ಒಂದು ಮಾರ್ಗದರ್ಶಿ

ವಾಟ್ಸಾಪ್‌ನಲ್ಲಿ ಒಂದು ವಿಡಿಯೊ ಆಗಾಗ ಬರುತ್ತಲೇ ಇರುತ್ತದೆ. ರಾತ್ರಿ ಹೊತ್ತು ಒಬ್ಬ ಕಂಬಳಿ ಹೊದ್ದು ನೆಲದ ಮೇಲೆ ಮಲಗಿದ್ದಾನೆ. ಮೈತುಂಬ ಚುಕ್ಕೆ ಇರುವ ದೊಡ್ಡ ಪ್ರಾಣಿಗಳು ಅವನಿಗೆ ಒತ್ತಿಕೊಂಡು ಮಲಗಿವೆ. ರಾಜಸ್ಥಾನದ ಯಾವುದೋ ದೇವಸ್ಥಾನದ ಪೂಜಾರಿ, ಚಿರತೆಗಳು ದಿನಾ ಬಂದು ಅವರ ಪಕ್ಕ ಮಲಗುತ್ತವೆ ಅಂತ ಕೆಳಗೆ ಬರೆದಿರುತ್ತಾರೆ. ನೋಡಿದವರೆಲ್ಲ ಕೈಮುಗಿದು ಮುಂದಕ್ಕೆ ಕಳಿಸುತ್ತಾರೆ.

ಅದು ರಾಜಸ್ಥಾನ ಅಲ್ಲ, ದಕ್ಷಿಣ ಆಫ್ರಿಕಾದ ಒಂದು ಸಾಕಣೆ ಕೇಂದ್ರ. ಅಲ್ಲಿ ಮಲಗಿರುವವನು ಪೂಜಾರಿಯೂ ಅಲ್ಲ, ಪಕ್ಕದಲ್ಲಿರುವುದು ಚಿರತೆಯೂ ಅಲ್ಲ. ಅವು ಚೀತಾಗಳು, ಜನರ ಕೈಯಲ್ಲೇ ಬೆಳೆದವು. ದೇವರಾಯನದುರ್ಗದ ತಪ್ಪಲಲ್ಲೋ ಹೆಬ್ಬೂರು ಕಡೆಯ ಅಡಿಕೆ ತೋಟದಲ್ಲೋ ಬದುಕುವವರು ಈ ವಿಡಿಯೊ ನೋಡಿ "ನಾವು ಸುಮ್ನಿದ್ರೆ ಅದೂ ಸುಮ್ನಿರತ್ತೆ" ಅಂದುಕೊಂಡರೆ ಕಷ್ಟ. ಹಾಗಂತ ಚಿರತೆ ಕಂಡ ಕೂಡಲೇ ಊರೆಲ್ಲ ದೊಣ್ಣೆ ಹಿಡಿದು ಓಡುವುದು ಇನ್ನೂ ಕಷ್ಟ. ಎರಡರ ನಡುವೆ ಮಾಡಬೇಕಾದ್ದು ಏನು ಅಂತ ಒಂದೊಂದಾಗಿ ನೋಡೋಣ.

ಮೊದಲು, ಯಾವ ಪ್ರಾಣಿ ಅಂತ ಗೊತ್ತಿರಲಿ

ಚೀತಾದ ಮೈ ತೆಳು, ಕಾಲು ಉದ್ದ, ತಲೆ ಚಿಕ್ಕದು. ಮೈಮೇಲೆ ಬಿಡಿಬಿಡಿಯಾದ ಕಪ್ಪು ಚುಕ್ಕೆ. ಕಣ್ಣಿನ ಮೂಲೆಯಿಂದ ಬಾಯಿಯವರೆಗೆ ಎರಡು ಕಪ್ಪು ಗೆರೆ ಇಳಿದಿರುತ್ತದೆ. ಚಿರತೆ ಗಿಡ್ಡ, ಕತ್ತು ದಪ್ಪ, ಎದೆ ಅಗಲ. ಅದರ ಬೆನ್ನಿನ ಮೇಲೆ ನಾಲ್ಕೈದು ಚುಕ್ಕೆ ಸೇರಿ ಒಂದೊಂದು ಉಂಗುರ ಆಗಿರುತ್ತದೆ. ಮುಖದಲ್ಲಿ ಆ ಗೆರೆ ಇಲ್ಲ.

ಸ್ವಭಾವದಲ್ಲಂತೂ ಒಂದಕ್ಕೊಂದು ಸಂಬಂಧವೇ ಇಲ್ಲ. ಚೀತಾ ಬದುಕುವುದು ಓಟದ ಮೇಲೆ. ಗಂಟೆಗೆ 100 ಕಿ.ಮೀ. ಹತ್ತಿರದ ವೇಗ, ಅದೂ ಕೆಲವೇ ನೂರು ಮೀಟರ್ ದೂರಕ್ಕೆ. ಒಂದು ಕಾಲಿಗೆ ಏಟು ಬಿದ್ದರೆ ಬೇಟೆ ಇಲ್ಲ, ಬೇಟೆ ಇಲ್ಲದಿದ್ದರೆ ಉಪವಾಸ. ಹಾಗಾಗಿ ಜಗಳ ಅಂದರೆ ಅದಕ್ಕೆ ಆಗುವುದಿಲ್ಲ. ಆಫ್ರಿಕಾದಲ್ಲಿ ಸಿಂಹವೋ ಕತ್ತೆಕಿರುಬವೋ ಬಂದರೆ ತಾನು ಕೊಂದ ಜಿಂಕೆಯನ್ನೂ ಬಿಟ್ಟು ಹೋಗಿಬಿಡುತ್ತದೆ. ಬಯಲಿನಲ್ಲಿ, ಹಗಲು ಹೊತ್ತು ಬೇಟೆಯಾಡುತ್ತದೆ. ಗರ್ಜನೆ ಇಲ್ಲ, ಹಕ್ಕಿಯ ಥರ ಚಿಲಿಪಿಲಿ ಸದ್ದು ಮಾಡುತ್ತದೆ. ಕಾಡಿನ ಚೀತಾ ಮನುಷ್ಯನನ್ನು ಕೊಂದ ಖಚಿತ ದಾಖಲೆ ಇಲ್ಲ. ಅದಕ್ಕೇ ಹಿಂದೆ ನಮ್ಮ ದೇಶದ ರಾಜರು ಅದನ್ನು ಹಿಡಿದು ಪಳಗಿಸಿ, ಕಣ್ಣಿಗೆ ಪಟ್ಟಿ ಕಟ್ಟಿ, ಗಾಡಿಯಲ್ಲಿ ಕೂರಿಸಿಕೊಂಡು ಕೃಷ್ಣಮೃಗದ ಬೇಟೆಗೆ ಒಯ್ಯುತ್ತಿದ್ದರು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಈಗಲೂ ಕೃಷ್ಣಮೃಗ ಇವೆ. ಅವನ್ನು ಅಟ್ಟಿಸಿಕೊಂಡು ಹೋಗುವ ಚೀತಾ ಮಾತ್ರ ದೇಶದಲ್ಲೇ ಇಲ್ಲವಾಯಿತು. 1952ರಲ್ಲಿ ಸರ್ಕಾರವೇ ಹಾಗಂತ ಘೋಷಿಸಿತು. 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ 8, 2023ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ 12 ತಂದು ಮಧ್ಯಪ್ರದೇಶದ ಕುನೊ ಕಾಡಿನಲ್ಲಿ ಬಿಟ್ಟರು.

ಚೀತಾ ಸಾಧು ಅಂದ ಮಾತ್ರಕ್ಕೆ ಮುಟ್ಟಬಹುದು ಅಂತಲ್ಲ. 2007ರಲ್ಲಿ ಬೆಲ್ಜಿಯಂನ ಒಂದು ಮೃಗಾಲಯದಲ್ಲಿ ಚೀತಾಗಳ ಆವರಣದೊಳಗೆ ಹೋದ ಮಹಿಳೆಯೊಬ್ಬರು ಸತ್ತರು. ಕುನೊ ಅಂಚಿನಲ್ಲಿ 2025ರಲ್ಲಿ ಅರಣ್ಯ ಇಲಾಖೆಯ ಕೆಲಸಗಾರನೊಬ್ಬ ತಾಯಿ ಚೀತಾಕ್ಕೂ ಮರಿಗಳಿಗೂ ಕ್ಯಾನಿನಿಂದ ನೀರು ಸುರಿದುಕೊಟ್ಟ ವಿಡಿಯೊ ಹರಿದಾಡಿತು. ಜನ ಅವನನ್ನು ಹೊಗಳಿದರು, ಇಲಾಖೆ ಕೆಲಸದಿಂದ ತೆಗೆಯಿತು. ಪಾಪ ಅನ್ನಿಸಬಹುದು. ಆದರೆ ಜನರ ಹತ್ತಿರ ಬಂದರೆ ನೀರು ಸಿಗುತ್ತದೆ ಅಂತ ಕಲಿತ ಕಾಡುಪ್ರಾಣಿ ನಾಳೆ ಊರೊಳಗೇ ಬರುತ್ತದೆ. ಅಲ್ಲಿ ಎಲ್ಲರ ಕೈಯಲ್ಲೂ ಕ್ಯಾನ್ ಇರುವುದಿಲ್ಲ, ಕೆಲವರ ಕೈಯಲ್ಲಿ ಕಲ್ಲಿರುತ್ತದೆ.

ಇಷ್ಟು ಸಾಕು ಚೀತಾ ವಿಚಾರ. ನಮ್ಮ ಜಿಲ್ಲೆಯಲ್ಲಿ ನಿಮ್ಮ ಕಣ್ಣಿಗೆ ಬೀಳುವುದು ಚಿರತೆ.

ಚಿರತೆಯ ಬುದ್ಧಿ

ಚಿರತೆಗೆ ಮನುಷ್ಯ ಅಂದರೆ ಹೆದರಿಕೆ. ಇದನ್ನು ನಂಬುವುದು ಕಷ್ಟ, ಆದರೆ ನಮ್ಮ ನಡುವೆ ಅದು ಬದುಕಿರುವುದೇ ಆ ಹೆದರಿಕೆಯಿಂದ. ಹಗಲೆಲ್ಲ ಬಂಡೆ ಸಂದಿಯಲ್ಲೋ ಲಂಟಾನ ಪೊದೆಯಲ್ಲೋ ಬಿದ್ದಿರುತ್ತದೆ. ಜನ ಮನೆ ಸೇರಿದ ಮೇಲೆ ಎದ್ದು ಓಡಾಡುತ್ತದೆ. ಮಹಾರಾಷ್ಟ್ರದ ಅಕೋಲೆ ಕಣಿವೆಯ ಕಬ್ಬಿನ ಗದ್ದೆಗಳಲ್ಲಿ ವನ್ಯಜೀವಿ ವಿಜ್ಞಾನಿ ವಿದ್ಯಾ ಅತ್ರೇಯ ಮತ್ತು ಅವರ ತಂಡ ಕ್ಯಾಮೆರಾ ಕಟ್ಟಿ ನೋಡಿದರು. 100 ಚದರ ಕಿ.ಮೀ.ಗೆ ಸುಮಾರು 5 ಬೆಳೆದ ಚಿರತೆಗಳು ಸಿಕ್ಕವು. ಅದೇ ಜಾಗದಲ್ಲಿ ಪ್ರತಿ ಚದರ ಕಿ.ಮೀ.ಗೆ 300ಕ್ಕೂ ಜಾಸ್ತಿ ಜನ ಇದ್ದರು. ಅಲ್ಲಿ ಚಿರತೆ ತಿನ್ನುತ್ತಿದ್ದುದು ಏನು? ಮಲ ಪರೀಕ್ಷೆ ಮಾಡಿ ಲೆಕ್ಕ ಹಾಕಿದಾಗ ತೂಕದಲ್ಲಿ ಶೇ 39ರಷ್ಟು ನಾಯಿ ಮಾಂಸ.

ನಾಯಿ ಅನ್ನುವುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹಾಗಾದರೆ ಜನರನ್ನು ಕೊಂದದ್ದು? ಕೊಂದಿದೆ. 2019ರ ಕೊನೆಯಿಂದ 2020ರ ಶುರುವಿನವರೆಗೆ ಹೆಬ್ಬೂರು ಸುತ್ತ, ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳು ಸೇರುವ ಕಡೆ ಒಂದಾದ ಮೇಲೊಂದು ಸಾವು ಆಯಿತು. ಸತ್ತವರಲ್ಲಿ ದನ ಮೇಯಿಸಲು ಹೋಗಿದ್ದ ವಯಸ್ಸಾದವರೂ ಇದ್ದರು, ಮನೆ ಹತ್ತಿರವೇ ಇದ್ದ ಪುಟ್ಟ ಮಕ್ಕಳೂ ಇದ್ದರು. ಆ ಊರಿನವರ ಮುಂದೆ ಹೋಗಿ "ಚಿರತೆ ಪಾಪದ ಪ್ರಾಣಿ" ಅಂತ ಭಾಷಣ ಮಾಡುವುದು ಸರಿಯಲ್ಲ. ಆದರೆ ಸತ್ತವರು ಯಾರು ಅನ್ನುವುದನ್ನು ಇನ್ನೊಮ್ಮೆ ನೋಡಿ. ಮಕ್ಕಳು, ಬಗ್ಗಿದವರು, ಕೂತವರು, ಒಂಟಿಯಾಗಿ ಇದ್ದವರು. ಚಿರತೆ ಲೆಕ್ಕ ಹಾಕುವುದು ಎತ್ತರವನ್ನು. ನೆಟ್ಟಗೆ ನಿಂತ ಐದೂವರೆ ಅಡಿ ಆಳು ಅದರ ಪಟ್ಟಿಯಲ್ಲಿ ಊಟ ಅಲ್ಲ. ಹುಲ್ಲು ಕೊಯ್ಯಲು ಬಗ್ಗಿದ ಬೆನ್ನು, ಬಯಲಿಗೆ ಕೂತ ಆಳು, ಮಬ್ಬಿನಲ್ಲಿ ಅಂಗಳದಲ್ಲಿ ಓಡುವ ಮಗು, ಇವು ಆಡಿನ ಎತ್ತರಕ್ಕೆ ಬರುತ್ತವೆ. ಈ ಒಂದು ಮಾತು ತಲೆಯಲ್ಲಿದ್ದರೆ ಮುಂದೆ ಹೇಳುವುದರಲ್ಲಿ ಅರ್ಧ ನಿಮಗೇ ಹೊಳೆಯುತ್ತದೆ.

ಚಿರತೆ ಬೇರೆ ಎರಡು ಸಂದರ್ಭದಲ್ಲೂ ಮೇಲೆ ಬೀಳುತ್ತದೆ. ಮರಿ ಜೊತೆಗಿದ್ದಾಗ. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದಂತೆ ಜನ ಸುತ್ತುವರಿದಾಗ. ಎರಡನೆಯದು ನಾವೇ ಮಾಡಿಕೊಳ್ಳುವುದು, ಪತ್ರಿಕೆಯಲ್ಲಿ ಓದುವ "ಚಿರತೆ ದಾಳಿ, ನಾಲ್ವರಿಗೆ ಗಾಯ" ಎಷ್ಟೋ ಸಲ ಇದೇ ಆಗಿರುತ್ತದೆ.

ಊರ ಪಕ್ಕ ಇದೆಯಾ?

2022ರ ರಾಷ್ಟ್ರೀಯ ಎಣಿಕೆ ಪ್ರಕಾರ ಕರ್ನಾಟಕದಲ್ಲಿ 1,879 ಚಿರತೆ ಇವೆ. ಮಧ್ಯಪ್ರದೇಶ, ಮಹಾರಾಷ್ಟ್ರ ಆದ ಮೇಲೆ ನಾವೇ. ಆದರೆ ಆ ಎಣಿಕೆ ನಡೆದದ್ದು ಮುಖ್ಯವಾಗಿ ಹುಲಿ ಇರುವ ರಾಜ್ಯಗಳ ಕಾಡುಗಳಲ್ಲಿ. ನಮ್ಮ ಕಡೆಯ ಕಲ್ಲುಗುಡ್ಡ, ತೋಪು, ತೋಟ, ಹೊಲಗಳಲ್ಲಿ ಇರುವವು ಆ ಲೆಕ್ಕಕ್ಕೆ ಸರಿಯಾಗಿ ಸಿಗುವುದಿಲ್ಲ. ದೇವರಾಯನದುರ್ಗ, ಸಿದ್ಧರಬೆಟ್ಟ, ಹುತ್ರಿದುರ್ಗ, ಮಧುಗಿರಿ, ಚನ್ನರಾಯನದುರ್ಗ, ಹೀಗೆ ಬಂಡೆ ಇರುವ ಗುಡ್ಡದ ಬುಡದ ಊರಿನವರು ಚಿರತೆ ಇದೆ ಅಂತಲೇ ಅಂದುಕೊಂಡು ಬದುಕುವುದು ಒಳ್ಳೆಯದು.

ಹೆಜ್ಜೆ ನೋಡಿ. ಕೆರೆ ಏರಿಯ ಮೇಲೆ, ಕಾಲುವೆ ಪಕ್ಕದ ಹಸಿ ಮಣ್ಣಿನಲ್ಲಿ, ತೋಟದ ಬದುವಿನ ಧೂಳಿನಲ್ಲಿ ಚೆನ್ನಾಗಿ ಬೀಳುತ್ತದೆ. ನಾಲ್ಕು ಬೆರಳು, ಹಿಂದೆ ಮೂರು ಉಬ್ಬು ಇರುವ ಅಂಗಾಲು, ಒಟ್ಟು ಆಕಾರ ದುಂಡಗೆ. ಉಗುರಿನ ಗುರುತು ಇರುವುದಿಲ್ಲ, ನಡೆಯುವಾಗ ಉಗುರನ್ನು ಒಳಗೆಳೆದುಕೊಂಡಿರುತ್ತದೆ. ನಾಯಿಯ ಹೆಜ್ಜೆ ಉದ್ದುದ್ದ, ಬೆರಳ ತುದಿಯಲ್ಲಿ ಉಗುರು ಚುಚ್ಚಿದ ಚುಕ್ಕೆ ಕಾಣುತ್ತದೆ. ಉಗುರು ಕಂಡರೆ ಅಲ್ಲಿಗೆ ಗಾಬರಿ ಬಿಡಿ. ಊರಲ್ಲಿ "ಚಿರತೆ ಹೆಜ್ಜೆ" ಅಂತ ಫೋಟೊ ಹೊಡೆದು ಕಳಿಸುವುದರಲ್ಲಿ ಬೀದಿ ನಾಯಿಯದೇ ಜಾಸ್ತಿ.

ಸದ್ದು ಕೇಳಿ. ಗರಗಸದಲ್ಲಿ ಮರ ಕೊಯ್ದ ಹಾಗೆ, ಬಿಟ್ಟು ಬಿಟ್ಟು ಬರುವ ಒರಟು ಕೂಗು. ಅದು ಬೆದರಿಕೆ ಅಲ್ಲ, ಬೇರೆ ಚಿರತೆಗೆ ತಾನು ಇಲ್ಲಿದ್ದೇನೆ ಅಂತ ಹೇಳುವುದು. ಅದಕ್ಕಿಂತ ಮೊದಲು ಕೋತಿ, ನವಿಲು, ನಾಯಿಗಳೇ ಸುದ್ದಿ ಕೊಡುತ್ತವೆ. ಕೋತಿಗಳು ಮರದ ತುದಿಗೆ ಹೋಗಿ ಒಂದೇ ಕಡೆ ನೋಡುತ್ತಾ ಕಿರುಚುತ್ತಿದ್ದರೆ ಆ ಕಡೆ ಹೋಗಬೇಡಿ. ನಾಲ್ಕು ದಿನದಲ್ಲಿ ಬೀದಿಯ ನಾಯಿಗಳು ಕಡಿಮೆಯಾಗುತ್ತಾ ಬಂದರೆ, ಉಳಿದವು ಸಂಜೆಯಾದ ಕೂಡಲೇ ಜಗಲಿ ಬಿಟ್ಟು ಇಳಿಯದಿದ್ದರೆ ಕಾರಣ ಊಹಿಸಿ.

ಗುರುತು ಖಾತ್ರಿ ಆದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಹೇಳಿ. ನಿಮ್ಮ ಗಸ್ತು ಅರಣ್ಯ ಪಾಲಕರ ಫೋನ್ ನಂಬರನ್ನು ಈಗಲೇ ಕೇಳಿ ಇಟ್ಟುಕೊಳ್ಳಿ. ಗ್ರಾಮ ಪಂಚಾಯಿತಿಯಲ್ಲಿ ಕೇಳಿದರೆ ಗೊತ್ತಾಗುತ್ತದೆ.

ಮನೆ, ಕೊಟ್ಟಿಗೆ, ರೊಪ್ಪ

ಕೆಲಸ ಮಾಡಬೇಕಾದ್ದು ಇಲ್ಲಿ, ಚಿರತೆ ಬರುವುದಕ್ಕೆ ಮುಂಚೆ.

ಚಿರತೆ ಊರಿಗೆ ಬರುವುದು ನಾಯಿಗೆ. ನಾಯಿ ಸೇರುವುದು ಕಸಕ್ಕೆ. ಊರಾಚೆ ರಸ್ತೆ ಪಕ್ಕ ಕೋಳಿ ಅಂಗಡಿಯ ಚೀಲಗಳನ್ನು ತಂದು ಸುರಿಯುತ್ತಾರಲ್ಲ, ಪುಕ್ಕ, ಕರುಳು, ತಲೆ ಎಲ್ಲ? ಅಲ್ಲಿ ನಾಯಿ ಹಿಂಡು ಕಟ್ಟುತ್ತದೆ, ಹಿಂದೆಯೇ ಚಿರತೆ ಬರುತ್ತದೆ. ಸತ್ತ ಕುರಿ ಕರುವನ್ನು ಕೆರೆ ಅಂಗಳಕ್ಕೆ ಎಸೆಯುವುದೂ ಅಷ್ಟೇ. ಚಿರತೆ ಕಾಟ ಅಂತ ಪಂಚಾಯಿತಿ ಮುಂದೆ ಧರಣಿ ಕೂರುವವರು ಅದೇ ಪಂಚಾಯಿತಿಗೆ ಒಂದು ಗುಂಡಿ ತೋಡಿಸಿ ಕೋಳಿ ತ್ಯಾಜ್ಯ ಹೂಳಿಸಿ ಅಂತ ಯಾಕೆ ಕೇಳುವುದಿಲ್ಲವೋ ನನಗಂತೂ ಗೊತ್ತಿಲ್ಲ. ನನ್ನನ್ನು ಕೇಳಿದರೆ ಹತ್ತು ಬೋನಿಗಿಂತ ಈ ಒಂದು ಗುಂಡಿ ಜಾಸ್ತಿ ಕೆಲಸ ಮಾಡುತ್ತದೆ.

ಮನೆ ಕಾಯುವ ನಾಯಿಯನ್ನು ರಾತ್ರಿ ಹೊರಗೆ ಸರಪಳಿಯಲ್ಲಿ ಕಟ್ಟಬೇಡಿ. ಓಡಲೂ ಆಗದ ನಾಯಿ ಅಂದರೆ ಚಿರತೆಗೆ ಬಾಗಿಲಿಗೇ ಊಟ ಇಟ್ಟ ಹಾಗಾಯಿತು. ಒಳಗೆ ಬಿಟ್ಟುಕೊಳ್ಳಿ, ಇಲ್ಲವೇ ಮೇಲೆ ಕೆಳಗೆ ಭದ್ರವಾದ ಗೂಡು ಮಾಡಿ.

ಕುರಿ ರೊಪ್ಪದ ವಿಷಯಕ್ಕೆ ಬರೋಣ. ಗೊಲ್ಲರಹಟ್ಟಿಗಳಲ್ಲಿ ಕಾರೆ ಮುಳ್ಳು, ಜಾಲಿ ಮುಳ್ಳು ಹಾಕಿ ಕಟ್ಟಿದ ರೊಪ್ಪ ನೋಡಿರುತ್ತೀರಿ. ಮುಳ್ಳು ಎದೆಮಟ್ಟ ಇದ್ದರೆ ತೋಳ, ನಾಯಿ ತಡೆಯುತ್ತದೆ. ಚಿರತೆಗೆ ಅದು ಒಂದು ನೆಗೆತ. ಒಳಗೆ ಬಿದ್ದ ಮೇಲೆ ಕುರಿಗಳು ಗಾಬರಿಯಾಗಿ ಅತ್ತಿತ್ತ ನುಗ್ಗುತ್ತವೆ. ಓಡುವುದನ್ನೆಲ್ಲ ಅದು ಕಚ್ಚುತ್ತದೆ. ತಿನ್ನುವುದು ಒಂದು, ಬೆಳಿಗ್ಗೆ ಎದ್ದು ನೋಡಿದರೆ ಹತ್ತು ಸತ್ತಿರುತ್ತವೆ. ಅದಕ್ಕೆ ಮೇಲ್ಛಾವಣಿ ಬೇಕೇ ಬೇಕು. ತಗಡು ಆಗದಿದ್ದರೆ ದಪ್ಪ ತಂತಿಯ ಜಾಲರಿಯನ್ನು ಗೂಟದಿಂದ ಗೂಟಕ್ಕೆ ಎಳೆದು ಬಿಗಿಯಿರಿ. ಕೋಳಿ ಗೂಡಿಗೆ ಬಳಸುವ ತೆಳು ಬಲೆಯನ್ನು ಒಂದೇ ಏಟಿಗೆ ಹರಿದುಬಿಡುತ್ತದೆ, ಅದು ಬೇಡ. ಹಳೇ ಕೊಟ್ಟಿಗೆಯ ಗೋಡೆಗೂ ಹೆಂಚಿಗೂ ನಡುವೆ ಗಾಳಿಗೆ ಅಂತ ಬಿಟ್ಟ ಸಂದಿಯನ್ನೂ ಮುಚ್ಚಿ. ತಲೆ ತೂರುವಷ್ಟು ಜಾಗ ಇದ್ದರೆ ಮೈಯೂ ತೂರುತ್ತದೆ. ಬಾಗಿಲು ಮರದ ಪಟ್ಟಿಯದಾದರೆ ಕೆಳಗಿನ ಭಾಗಕ್ಕೆ ಒಂದು ತಗಡು ಹೊಡೆಯಿರಿ. ಕಂಬದ ಲೈಟ್ ಉರಿಯುತ್ತಿರಲಿ. ಆದರೆ ಬರೀ ಲೈಟ್ ನಂಬಬೇಡಿ, ಕೆಲವೇ ದಿನದಲ್ಲಿ ಚಿರತೆಗೆ ಅದು ಅಭ್ಯಾಸ ಆಗುತ್ತದೆ.

ಮನೆಯಿಂದ ಹತ್ತು ಹೆಜ್ಜೆಯಷ್ಟು ಜಾಗದಲ್ಲಿ ಪೊದೆ ಸವರಿ. ಶೌಚಾಲಯ ಇದ್ದೂ ಸೌದೆ ತುಂಬಿಟ್ಟಿರುವ ಮನೆಗಳಿವೆ. ಸೌದೆ ಹೊರಗೆ ಹಾಕಿ. ಕತ್ತಲಲ್ಲಿ ಚೊಂಬು ಹಿಡಿದು ಹೋಗುವುದನ್ನು ಬಿಡಲು ಇದಕ್ಕಿಂತ ಕಾರಣ ಬೇಕಾ?

ಸಂಜೆ ದೀಪ ಹಚ್ಚುವ ಹೊತ್ತಿಂದ ಮಕ್ಕಳು ಅಂಗಳದಲ್ಲಿ ಒಂಟಿಯಾಗಿ ಆಡುವುದು ಬೇಡ. ಹಿತ್ತಿಲಲ್ಲಿ ಪಾತ್ರೆ ತೊಳೆಯುವ ಕಡೆ ಒಂದು ಬಲ್ಬ್ ಹಾಕಿಸಿ, ಅಲ್ಲೂ ಕೂತೇ ಕೆಲಸ ಮಾಡುತ್ತೇವಲ್ಲ.

ರಾತ್ರಿ ಮೋಟರ್ ಹಾಕಲು ಹೋಗುವಾಗ

ತ್ರೀ ಫೇಸ್ ಕರೆಂಟ್ ಅರ್ಧರಾತ್ರಿಗೆ ಬಂದರೆ ಹೋಗದೆ ವಿಧಿ ಇಲ್ಲ. ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಂಡರೆ ಮಲಗಿದಲ್ಲಿಂದಲೇ ಮೋಟರ್ ಆನ್ ಮಾಡಬಹುದು, ಕೈಲಾದರೆ ಹಾಕಿಸಿಬಿಡಿ. ಚಿರತೆ ಓಡಾಟ ಜಾಸ್ತಿ ಇರುವ ಊರಿನವರು ಹಗಲು ಪಾಳಿಯಲ್ಲಿ ಕರೆಂಟ್ ಕೊಡಿ ಅಂತ ಒಟ್ಟಾಗಿ ಅರ್ಜಿ ಹಾಕಬೇಕು.

ಹೋಗಲೇಬೇಕಾದರೆ ಇಬ್ಬರು ಹೋಗಿ. ಮಾತಾಡುತ್ತಾ ಹೋಗಿ, ಇಲ್ಲವೇ ಮೊಬೈಲ್‌ನಲ್ಲಿ ಹಾಡು ಹಾಕಿ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳಬೇಡಿ, ಸದ್ದು ಕೇಳಬೇಕಾದ್ದು ಚಿರತೆಗೆ, ನಿಮಗಲ್ಲ. ಅದಕ್ಕೆ ನೀವು ಬರುವುದು ದೂರದಿಂದಲೇ ಗೊತ್ತಾದರೆ ತಾನೇ ಪಕ್ಕಕ್ಕೆ ಸರಿಯುತ್ತದೆ. ತಿರುವಿನಲ್ಲಿ ದಿಢೀರ್ ಅಂತ ಎದುರಾಗುವುದೇ ಅಪಾಯ. ಕೈಯಲ್ಲಿ ಒಳ್ಳೆಯ ಟಾರ್ಚ್, ಉದ್ದದ ಕೋಲು ಇರಲಿ. ಕೋಲನ್ನು ನೆಲಕ್ಕೆ ಕುಟ್ಟುತ್ತಾ ಹೋದರೆ ಹಾವಿಗೂ ಆಯಿತು, ಕರಡಿಗೂ ಆಯಿತು. ನಮ್ಮ ಗುಡ್ಡಗಳಲ್ಲಿ ಕರಡಿ ಚಿರತೆಗಿಂತ ಮುಂಗೋಪಿ ಅನ್ನುವುದನ್ನು ಮರೆಯಬೇಡಿ. ಟಾರ್ಚ್ ಬಿಟ್ಟಾಗ ದೂರದಲ್ಲಿ ಎರಡು ಕಣ್ಣು ಹೊಳೆದರೆ ಅಲ್ಲೇ ನಿಲ್ಲಿ.

ಎದುರಾಎದುರು ಆದರೆ

ಇಲ್ಲಿ ಎರಡು ಸೆಕೆಂಡ್‌ನಲ್ಲಿ ನೀವು ಏನು ಮಾಡುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಓಡಬೇಡಿ. ಓಡಿದವನನ್ನು ಅಟ್ಟಿಸಿಕೊಂಡು ಬರುವುದು ಬೆಕ್ಕಿನ ಜಾತಿಯ ಹುಟ್ಟುಗುಣ. ಬಗ್ಗಿ ಕಲ್ಲು ಎತ್ತಿಕೊಳ್ಳಲೂಬೇಡಿ. ನಾಯಿಗೆ ಆ ತಂತ್ರ ನಡೆಯುತ್ತದೆ, ಇಲ್ಲಿ ನೀವಾಗಿ ನೀವೇ ಗಿಡ್ಡ ಆದಿರಿ. ನೆಟ್ಟಗೆ ನಿಲ್ಲಿ. ಎರಡೂ ಕೈ ಮೇಲೆತ್ತಿ. ಟವೆಲ್ ಇದ್ದರೆ ಬಿಚ್ಚಿ ತಲೆ ಮೇಲೆ ಹಿಡಿಯಿರಿ, ಲುಂಗಿ ಮೇಲೆ ಕಟ್ಟಿದ್ದರೆ ಕೆಳಗೆ ಬಿಡಿ. ನೀವು ದೊಡ್ಡದಾಗಿ ಕಾಣಬೇಕು, ಅಷ್ಟೇ ಗುರಿ. ಜೊತೆಗೆ ಮಗು ಇದ್ದರೆ ಕಣ್ಣು ಚಿರತೆ ಮೇಲಿಂದ ತೆಗೆಯದೆ, ಆದಷ್ಟು ಕಡಿಮೆ ಬಗ್ಗಿ, ಎತ್ತಿ ಹೆಗಲ ಮೇಲೆ ಹಾಕಿಕೊಳ್ಳಿ.

ಗಟ್ಟಿಯಾಗಿ ಮಾತಾಡಿ. ಏನಾದರೂ ಸರಿ, ಬೈಗುಳವಾದರೂ ಸರಿ. ಕಿರುಚುವುದಕ್ಕಿಂತ ದಪ್ಪ ದನಿಯಲ್ಲಿ ಗದರುವುದು ಮೇಲು. ಮಾತಾಡುತ್ತಲೇ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡಿ. ಬೆನ್ನು ತೋರಿಸಬೇಡಿ. ಅದು ಹೋಗಲು ಯಾವ ಕಡೆ ದಾರಿ ಇದೆ ನೋಡಿ, ಆ ದಾರಿಗೆ ಅಡ್ಡ ನಿಲ್ಲಬೇಡಿ. ಬದುವಿನ ಒಂದು ಕಡೆ ಬೇಲಿ, ಇನ್ನೊಂದು ಕಡೆ ನೀವು ಅಂತಾದರೆ ನೀವೇ ಪಕ್ಕಕ್ಕೆ ಸರಿಯಬೇಕು.

ಅದರ ಮೈ ಓದುವುದನ್ನು ಕಲಿಯಿರಿ. ನಿಂತು ನೋಡಿ, ತಲೆ ತಿರುಗಿಸಿ, ನಡೆದುಕೊಂಡು ಹೋದರೆ ಅದಕ್ಕೆ ನಿಮ್ಮ ಗೊಡವೆ ಬೇಡ, ನೀವೂ ಹೊರಡಿ. ಕೂತಲ್ಲೇ ಕೂತು ದಿಟ್ಟಿಸುತ್ತಿದ್ದರೆ ಅದೂ ಯೋಚನೆಯಲ್ಲಿದೆ, ನೀವು ಹೋಗಲಿ ಅಂತ ಕಾಯುತ್ತಿದೆ. ಕಿವಿ ಹಿಂದಕ್ಕೆ ಮಡಚಿ ತಲೆಗೆ ಅಂಟಿಕೊಂಡು, ಹಲ್ಲು ಕಾಣಿಸಿ, ಗುರ್ ಅಂದರೆ ಅದು ಕೊನೆಯ ಎಚ್ಚರಿಕೆ. ಹತ್ತಿರದಲ್ಲಿ ಮರಿ ಇರಬಹುದು, ಇಲ್ಲವೇ ಕೊಂದಿಟ್ಟ ಬೇಟೆ ಇರಬಹುದು. ಆಗ ಗದರುವುದನ್ನೂ ನಿಲ್ಲಿಸಿ, ಸುಮ್ಮನೆ ಹಿಂದೆ ಹಿಂದೆ ಹೋಗಿ. ಒಂದೆರಡು ನೆಗೆತ ಮುಂದೆ ಬಂದು ನಿಲ್ಲುವುದೂ ಉಂಟು, ಹೆದರಿಸಲು. ಆಗ ಓಡಿದವರು ಕೆಟ್ಟರು. ಹೊಟ್ಟೆ ನೆಲಕ್ಕೆ ತಾಗಿಸಿ, ಸದ್ದೇ ಇಲ್ಲದೆ, ಬಾಲದ ತುದಿ ಮಾತ್ರ ಆಡಿಸುತ್ತಾ ನಿಮ್ಮ ಕಡೆಗೆ ತೆವಳುತ್ತಿದ್ದರೆ ಅದು ಬೇಟೆಯ ಲಕ್ಷಣ. ತುಂಬ ಅಪರೂಪ. ಆಗ ಸುಮ್ಮನಿರಬಾರದು, ಜೋರಾಗಿ ಕೂಗಿ, ಕೋಲು ಬೀಸಿ, ಕೈಯಲ್ಲಿ ಇದ್ದದ್ದನ್ನು ಎಸೆಯಿರಿ.

ಮೇಲೆ ಬಿದ್ದರೆ ಸತ್ತ ಹಾಗೆ ಮಲಗುವುದು ಬೇಡ. ಅದು ಕತ್ತಿಗೆ ಬಾಯಿ ಹಾಕುತ್ತದೆ. ಗದ್ದ ಎದೆಗೆ ಒತ್ತಿ, ಒಂದು ಕೈಯಿಂದ ಕತ್ತು ಕಾಪಾಡಿಕೊಳ್ಳಿ. ಇನ್ನೊಂದು ಕೈಯಲ್ಲಿ ಮೂಗು, ಕಣ್ಣಿಗೆ ಹೊಡೆಯಿರಿ, ಕೂಗುತ್ತಲೇ ಇರಿ.

ಬೈಕಿನಲ್ಲಿ ಹೋಗುವಾಗ ರಸ್ತೆ ದಾಟುವುದು ಕಂಡರೆ ದೂರದಲ್ಲೇ ನಿಲ್ಲಿಸಿ. ಅದು ದಾಟಿದ ಮೇಲೂ ತುಸು ಹೊತ್ತು ಕಾಯಿರಿ, ಹಿಂದೆ ಮರಿ ಬರುತ್ತಿರಬಹುದು. ಇಂಜಿನ್ ಆರಿಸಬೇಡಿ.

ಮನೆಯೊಳಗೆ ಬಂದರೆ

2018ರ ಜನವರಿಯಲ್ಲಿ ತುಮಕೂರು ನಗರದ ಜಯನಗರದ ಮನೆಯೊಂದಕ್ಕೇ ಚಿರತೆ ನುಗ್ಗಿತ್ತು. ಒಳಗಿದ್ದ ಹೆಂಗಸರು ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಕೂತರು, ಆಮೇಲೆ ಅವರನ್ನು ಕ್ಷೇಮವಾಗಿ ಹೊರಗೆ ತಂದರು. ಅವರು ಮಾಡಿದ್ದೇ ಸರಿಯಾದದ್ದು. ನಡುವೆ ಒಂದು ಗಟ್ಟಿ ಬಾಗಿಲು ಇರಬೇಕು. ಚಿರತೆ ಒಂದು ಕೋಣೆಯಲ್ಲಿದ್ದು ನೀವು ಹೊರಗಿದ್ದರೆ ಆ ಕೋಣೆಯ ಚಿಲಕ ಹಾಕಿ. ಮನೆ ಖಾಲಿ ಮಾಡಿ. 1926ಕ್ಕೂ, ಪೊಲೀಸರ 112ಕ್ಕೂ ಫೋನ್ ಮಾಡಿ. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು.

ಮುಂದೆ ಕಷ್ಟ ಬರುವುದು ಜನರಿಂದ. ಸುದ್ದಿ ಹಬ್ಬಿ ಅರ್ಧ ಗಂಟೆಯಲ್ಲಿ ಕಾಂಪೌಂಡ್ ಮೇಲೆ, ತಾರಸಿ ಮೇಲೆ, ಮರದ ಮೇಲೆ ಜನ. "ಬಾರ್ಲಾ, ಕಿಟಕೀಲಿ ಒಂದ್ ಫೋಟೊ ಹೊಡ್ಕೊಂಬರಣ" ಅನ್ನುವವನು ಪ್ರತಿ ಊರಿನಲ್ಲೂ ಒಬ್ಬ ಇರುತ್ತಾನೆ. ಅರಿವಳಿಕೆ ಚುಚ್ಚುಮದ್ದು ತಗುಲಿದ ಕೂಡಲೇ ಚಿರತೆ ಬೀಳುವುದಿಲ್ಲ. ಹತ್ತು ಹದಿನೈದು ನಿಮಿಷ ಬೇಕು. ಆ ಹೊತ್ತಿನಲ್ಲಿ ನೋವು, ಭಯ, ಮಂಪರು ಎಲ್ಲ ಸೇರಿ ಅದು ಕಂಡಲ್ಲಿಗೆ ನುಗ್ಗುತ್ತದೆ. 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ವರ್ತೂರು ಬಳಿಯ ಶಾಲೆಯೊಂದಕ್ಕೆ ಬಂದ ಚಿರತೆ ಈಜುಕೊಳದ ಪಕ್ಕ ವನ್ಯಜೀವಿ ತಜ್ಞ ಸಂಜಯ್ ಗುಬ್ಬಿಯವರನ್ನೇ ಕಚ್ಚಿತು. ಚಿರತೆಗಳನ್ನೇ ಅಧ್ಯಯನ ಮಾಡುವವರಿಗೆ ಹಾಗಾದರೆ ಮೊಬೈಲ್ ಹಿಡಿದ ನಮ್ಮ ಪಾಡೇನು?

ಊರಿನ ಹಿರಿಯರು, ಸಂಘದ ಹುಡುಗರು ಮಾಡಬಹುದಾದ ದೊಡ್ಡ ಸಹಾಯ ಅಂದರೆ ಜನರನ್ನು ಹಿಂದಕ್ಕೆ ಕಳಿಸುವುದು. ಪಟಾಕಿ, ತಮಟೆ, ಕಲ್ಲು ಯಾವುದೂ ಬೇಡ. ಹೊಲದಲ್ಲೋ ಪೊದೆಯಲ್ಲೋ ಇದ್ದರಂತೂ ಕತ್ತಲಾಗುವವರೆಗೆ ಬಿಟ್ಟುಬಿಟ್ಟರೆ ತಾನೇ ಹೊರಟುಹೋಗುತ್ತದೆ.

ಮರಿ, ಬಾವಿ, ಉರುಳು

ರಾಗಿ ಕೊಯ್ಲಿನಲ್ಲೋ ಬಂಡೆ ಸಂದಿಯಲ್ಲೋ ಮರಿ ಕಂಡರೆ ಮುಟ್ಟಬೇಡಿ, ಮನೆಗೆ ತಂದು ಹಾಲು ಕುಡಿಸಬೇಡಿ. ತಾಯಿ ಬಿಟ್ಟು ಹೋಗಿಲ್ಲ, ಬೇಟೆಗೆ ಹೋಗಿದೆ. ಕೆಲಸ ನಿಲ್ಲಿಸಿ ಎಲ್ಲರೂ ಆ ಜಾಗ ಬಿಟ್ಟು ಇಲಾಖೆಗೆ ತಿಳಿಸಿ. ಅದೇ ಜಾಗದಲ್ಲಿ ಬಿಟ್ಟರೆ ತಾಯಿ ಕತ್ತಲಲ್ಲಿ ಬಂದು ಕಚ್ಚಿಕೊಂಡು ಹೋಗುತ್ತದೆ. ಮರಿ ಕಾಣದೆ ಹುಡುಕುವ ತಾಯಿ ನಿಮ್ಮ ಊರನ್ನೇ ಸುತ್ತುತ್ತದೆ.

ತೆರೆದ ಬಾವಿಗೆ ಬಿದ್ದಿದ್ದರೆ ಇಲಾಖೆಯವರು ಬರುವವರೆಗೆ ಹಿಡಿದುಕೊಳ್ಳಲು ಒಂದು ಮರದ ದಿಮ್ಮಿಯನ್ನು ಹಗ್ಗ ಕಟ್ಟಿ ಇಳಿಬಿಡಿ. ಏಣಿ ಇಳಿಸುವುದನ್ನು ಅವರು ಬಂದ ಮೇಲೆ, ಜನರನ್ನು ದೂರ ಕಳಿಸಿ ಮಾಡಬೇಕು. ಹಂದಿಗೆ ಅಂತ ಹಾಕಿದ ತಂತಿ ಉರುಳಿಗೆ ಸಿಕ್ಕಿಕೊಂಡಿದ್ದರೆ ಹತ್ತಿರ ಹೋಗಲೇಬೇಡಿ. ಎಳೆದಾಡಿ ತಂತಿ ಯಾವಾಗ ಬೇಕಾದರೂ ಕಡಿಯಬಹುದು. ಉರುಳು ಹಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ ಅನ್ನುವುದು ಬೇರೆ ಮಾತು.

ಬೋನು ಇಡಿ ಅನ್ನುವ ಮುಂಚೆ

ಚಿರತೆ ಒಂದು ಸಲ ಕಂಡರೆ ಸಾಕು, ಬೋನು ತನ್ನಿ ಅಂತ ಒತ್ತಾಯ ಶುರು. ಜನರ ಮೇಲೆ ದಾಳಿ ಮಾಡಿದ್ದರೆ ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಸುಮ್ನೆ ಓಡಾಡುವುದನ್ನು ಹಿಡಿದು ಬೇರೆ ಕಡೆ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಮಹಾರಾಷ್ಟ್ರದ ಜುನ್ನರ್ ಸಾಕ್ಷಿ. ಅಲ್ಲಿ 2001ರಿಂದ ಹೀಗೆ ಹಿಡಿದು ಬಿಡುವುದನ್ನು ಜೋರಾಗಿ ಮಾಡಿದರು. ಅದಕ್ಕೆ ಮುಂಚೆ ವರ್ಷಕ್ಕೆ ಸರಾಸರಿ 4 ದಾಳಿ ಆಗುತ್ತಿತ್ತು, ಆಮೇಲೆ ಅದು 17ಕ್ಕೆ ಏರಿತು. ಗುರುತಿಲ್ಲದ ಜಾಗ, ಹಿಡಿಯುವಾಗಿನ ಏಟು, ವಾಪಸ್ ಮನೆಗೆ ಹೋಗುವ ತವಕ, ಎಲ್ಲ ಸೇರಿ ಸಾಧುವಾಗಿದ್ದದ್ದೂ ಕೆಡುತ್ತದೆ. ಅಜೋಬಾ ಅಂತ ಹೆಸರಿಟ್ಟಿದ್ದ ಗಂಡು ಚಿರತೆಯನ್ನು 2009ರಲ್ಲಿ ಬಾವಿಯಿಂದ ತೆಗೆದು ಕೊರಳಿಗೆ ಕಾಲರ್ ಕಟ್ಟಿ ಮಾಳ್ಶೇಜ್ ಘಾಟ್‌ನಲ್ಲಿ ಬಿಟ್ಟರೆ ಅದು ಸುಮಾರು 120 ಕಿ.ಮೀ. ನಡೆದು ಮುಂಬೈ ಅಂಚಿನ ಕಾಡು ಸೇರಿತು. ದಾರಿಯಲ್ಲಿ ಯಾರಿಗೂ ತೊಂದರೆ ಕೊಡಲಿಲ್ಲ ಅನ್ನುವುದನ್ನೂ ಹೇಳಬೇಕು.

ಇನ್ನೊಂದು, ನಿಮ್ಮ ಗುಡ್ಡದ ಚಿರತೆಯನ್ನು ತೆಗೆದರೆ ಜಾಗ ಖಾಲಿ ಇರುವುದಿಲ್ಲ. ಪಕ್ಕದ ಗುಡ್ಡದಿಂದ ಎಳೆ ವಯಸ್ಸಿನದೊಂದು ಬಂದು ಸೇರುತ್ತದೆ, ಅದಕ್ಕೆ ಈ ಊರಿನ ಜನರ ವೇಳೆ, ದಾರಿ ಯಾವುದೂ ಗೊತ್ತಿರುವುದಿಲ್ಲ.

ಗಾಯ ಆದರೆ, ಜಾನುವಾರು ಹೋದರೆ

ಗಾಯ ಚಿಕ್ಕದಾದರೂ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಅರಿಶಿನ, ಕಾಫಿಪುಡಿ ಮೆತ್ತಬೇಡಿ. ರಕ್ತ ಜಾಸ್ತಿ ಹೋಗುತ್ತಿದ್ದರೆ ತೊಳೆಯುತ್ತಾ ಕೂರಬೇಡಿ, ಶುದ್ಧ ಬಟ್ಟೆ ಒತ್ತಿ ಹಿಡಿದು 108 ಕರೆಯಿರಿ. ಆಸ್ಪತ್ರೆಯಲ್ಲಿ ರೇಬಿಸ್ ಲಸಿಕೆ, ಗಾಯದ ಸುತ್ತ ಕೊಡುವ ಇಮ್ಯುನೊಗ್ಲಾಬ್ಯುಲಿನ್, ಟಿಟಿ ಮೂರನ್ನೂ ಕೇಳಿ ಹಾಕಿಸಿಕೊಳ್ಳಿ. ಲಸಿಕೆಯ ಎಲ್ಲ ಡೋಸ್ ಮುಗಿಸಿ. ವೈದ್ಯರ ಚೀಟಿ, ಬಿಲ್ ಎಲ್ಲ ಎತ್ತಿಡಿ, ಪರಿಹಾರಕ್ಕೆ ಬೇಕಾಗುತ್ತದೆ.

ಕುರಿ, ಕರು ಸತ್ತಿದ್ದರೆ ದೇಹವನ್ನು ಅಲ್ಲಿಂದ ಅಲ್ಲಾಡಿಸಬೇಡಿ. ಚಿರತೆ ಮಾರನೇ ರಾತ್ರಿ ತನ್ನ ಬೇಟೆಗೆ ವಾಪಸ್ ಬರುತ್ತದೆ, ಹಾಗಾಗಿ ಕತ್ತಲಾದ ಮೇಲೆ ಆ ಕಡೆ ಯಾರೂ ಹೋಗಬಾರದು. ಸಿಟ್ಟಿನಲ್ಲಿ ಹೆಣಕ್ಕೆ ವಿಷ ಹಾಕಿದರೆ ಪರಿಹಾರ ಹೋಗಲಿ, ಕೇಸು ಬೀಳುತ್ತದೆ, ಊರ ನಾಯಿಗಳೂ ಸಾಯುತ್ತವೆ. ಅದೇ ದಿನ ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ. ಕತ್ತಿನ ಗಾಯ ಕಾಣುವ ಹಾಗೆ, ಸುತ್ತಲಿನ ಹೆಜ್ಜೆ ಕಾಣುವ ಹಾಗೆ ಫೋಟೊ ತೆಗೆಯಿರಿ. ಅವರು ಬಂದು ಮಹಜರು ಮಾಡಬೇಕು, ಪಶುವೈದ್ಯರು ನೋಡಿ ಪ್ರಮಾಣಪತ್ರ ಕೊಡಬೇಕು. ಆಧಾರ್, ಬ್ಯಾಂಕ್ ಪಾಸ್‌ಬುಕ್‌ನ ನಕಲು ಸಿದ್ಧ ಇಟ್ಟುಕೊಳ್ಳಿ. ಪರಿಹಾರದ ಮೊತ್ತವನ್ನು ಸರ್ಕಾರ ಆಗಾಗ ಬದಲಿಸುತ್ತದೆ, ಈಗ ಎಷ್ಟು ಅಂತ ಅದೇ ಕಚೇರಿಯಲ್ಲಿ ಕೇಳಿ. ಹಸುವಿಗೆ ವಿಮೆ ಮಾಡಿಸಿದ್ದರೆ ಕಿವಿಯೋಲೆಯನ್ನು ದೇಹದ ಜೊತೆ ಹೂಳಿಬಿಡಬೇಡಿ, ಕ್ಲೇಮ್ ಮಾಡುವಾಗ ಮೊದಲು ಕೇಳುವುದೇ ಅದನ್ನು.